ಹೆಪ್ಪಿನ ಜೊತೆಗೊಂದು ಸುವಾರ್ತೆ

ಬೆಳಗಿನ ಪ್ರಾರ್ಥನೆಯನ್ನು ನಾನು ಒಲೆಯ ಪಕ್ಕದಲ್ಲಿ ನಿಂತೇ ಮಾಡುವವಳು. ಕಣ್ಣು ಮುಚ್ಚಿದರೆ ಹಾಲು ಉಕ್ಕುತ್ತದೆ, ತೆರೆದರೆ ಮನಸ್ಸು ಒಗೆಯುವ ಬಟ್ಟೆಯ ಕಡೆಗೆ ಓಡುತ್ತದೆ; ಹಾಗಾಗಿ ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಹಾಲಿನ ಮೇಲಿಟ್ಟು ನಡೆಸುವ ಭಕ್ತಿ ನನ್ನದು. ಕಾನ್ವೆಂಟಿನಲ್ಲಿ ಓದಿಸಿದ ಸಿಸ್ಟರುಗಳು ನೋಡಿದ್ದರೆ ಅಡುಗೆಮನೆಯಲ್ಲೇ ಮೊಣಕಾಲೂರಿಸುತ್ತಿದ್ದರು. ಆ ಶುಕ್ರವಾರವೂ "ಕರ್ತನೇ, ಇವತ್ತು ನನಗೆ ಧೈರ್ಯ ಕೊಡು" ಎನ್ನುವಷ್ಟರಲ್ಲಿ ನಮ್ಮವರು ಕೋಣೆಯಿಂದ "ನನ್ನ ಕಾಲುಚೀಲ ಎಲ್ಲೇ?" ಎಂದರು. "ಕುರ್ಚಿ ಕೆಳಗೆ" ಎಂದೆ. "ಆಮೆನ್" ಎನ್ನುವುದು ಮರೆತೇಹೋಯಿತು.

ಧೈರ್ಯ ಯಾಕೆ ಬೇಕಾಗಿತ್ತೆಂದರೆ, ಭಾನುವಾರ ನಮ್ಮ ಚರ್ಚಿನ ಸ್ತ್ರೀಕೂಟದಲ್ಲಿ ನಾನು ಎದ್ದು ನಿಂತು, ಅಕ್ಕಪಕ್ಕದ ಯಾರಿಗೆ ಯೇಸುವಿನ ವಿಷಯ ಹೇಳಿದೆ ಎಂದು ಒಪ್ಪಿಸಬೇಕಾಗಿತ್ತು. ಮೈಸೂರಿನಿಂದ ಒಬ್ಬ ಮೇಡಂ ಬಂದು ನಮಗೆಲ್ಲ ಇದರ ತರಬೇತಿ ಕೊಟ್ಟಿದ್ದರು. "ಬಲವಂತ ಬೇಡ, ಭಾಷಣ ಬೇಡ, ಸಹಜವಾಗಿ ಹೇಳಿ. ಮಾತು ಹೂಕೋಸಿನ ಮೇಲಿದ್ದರೆ ಹೂಕೋಸು ಮಾಡಿದವನ ಕಡೆಗೆ ಮೆಲ್ಲಗೆ ತಿರುಗಿಸಿ" ಎಂದು ಊಟದ ಹೊತ್ತು ಮೀರುವವರೆಗೂ ಮೈಕಿನಲ್ಲಿ ಭಾಷಣ ಮಾಡಿದರು. ಅಂದಿನಿಂದ ಕೂಟದಲ್ಲಿ ಸಹಜತೆಗೆ ಭಾರಿ ಪೈಪೋಟಿ. ಹಿಂದಿನ ವಾರ ನಮ್ಮ ಕಾರ್ಯದರ್ಶಿ ಮೇರಿಯಮ್ಮ, ನಾಗಮಂಗಲದಿಂದ ಬಸ್ಸು ಹೊರಟಾಗಿನಿಂದ ಪಕ್ಕದ ಸೀಟಿನ ಹೆಂಗಸಿಗೆ ಸುವಾರ್ತೆ ಹೇಳಿದ್ದನ್ನು ವರ್ಣಿಸಿದರು. ದೇವಲಾಪುರಕ್ಕೆ ಟಿಕೆಟ್ ತೆಗೆದಿದ್ದ ಆಕೆ ಅರ್ಧ ದಾರಿಯಲ್ಲೇ ಇಳಿದುಬಿಟ್ಟಳಂತೆ. "ಪವಿತ್ರಾತ್ಮ ದೇವರು ಎಷ್ಟು ಬೇಗ ಕೆಲಸ ಮಾಡಿದರು ನೋಡಿ" ಎಂದು ಮೇರಿಯಮ್ಮ ಕಣ್ಣೊರೆಸಿಕೊಂಡರು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಆಮೇಲೆ ನನ್ನ ಕಡೆ ತಿರುಗಿ, "ಮುಂದಿನ ವಾರ ಗ್ರೇಸಮ್ಮ. ಈ ಸಲವೂ ತಲೆನೋವು ಬಂದೀತು, ಜೋಪಾನ" ಎಂದರು.

ಹತ್ತು ಗಂಟೆಯ ಹೊತ್ತಿಗೆ ತರಕಾರಿ ಗಾಡಿ ಬಂತು. ಹೂಕೋಸು ಇರಲಿಲ್ಲ. ಬೆಂಡೆಕಾಯಿಯ ತುದಿ ಮುರಿದು ನೋಡುತ್ತಾ, "ದೇವರ ಸೃಷ್ಟಿ ಎಷ್ಟು ಚೆಂದ ಅಲ್ವೇನಪ್ಪಾ?" ಎಂದೆ, ಆದಷ್ಟೂ ಸಹಜವಾಗಿ. ಗಾಡಿಯವನು ನನ್ನನ್ನು ಅನುಮಾನದಿಂದ ನೋಡಿದ. "ಎಂಗೆ ಸುತ್ತಿ ಬಳಸಿ ಕೇಳುದ್ರೂ ರೇಟು ಇಳ್ಸಕಾಗಕಿಲ್ಲ ಕಣವ್ವಾ. ತಗಳಂಗಿದ್ರೆ ತಗಳಿ, ತುದಿ ಮುರೀಬ್ಯಾಡಿ."

ಉಳಿದವಳು ಪಕ್ಕದ ಮನೆಯ ಜಯಮ್ಮ. ಪಾಂಡವಪುರದ ಈ ಬೀದಿಗೆ ನಾವು ಬಂದಾಗಿನಿಂದ ನನಗೂ ಅವಳಿಗೂ ಇರುವ ನಂಟು ಮೊಸರಿನದು. ಇಲ್ಲಿ ಶುಕ್ರವಾರ ದೀಪ ಹಚ್ಚಿದ ಮೇಲೆ ಹಾಲು, ಮೊಸರು, ಉಪ್ಪು ಯಾರ ಮನೆಯ ಹೊಸಿಲನ್ನೂ ದಾಟುವಂತಿಲ್ಲ. ದಾಟಿದರೆ ಅದರ ಹಿಂದೆಯೇ ಲಕ್ಷ್ಮಿಯೂ ಹೊರಟುಬಿಡುತ್ತಾಳೆ. ಜಯಮ್ಮನ ಮನೆಯಲ್ಲಿ ಹೆಪ್ಪಿಗೂ ಉಳಿಯದಂತೆ ಮೊಸರು ಮುಗಿಯುವುದು ಮಾತ್ರ ಶುಕ್ರವಾರವೇ. ಆಗ ಅವಳು ಬಟ್ಟಲು ಹಿಡಿದು ನಮ್ಮಲ್ಲಿಗೆ ಬರುತ್ತಾಳೆ. "ನಿಮ್ದು ಕಿರಸ್ತಾನ್ರ ಮನೆ, ಲಕ್ಸ್ಮಿ ಇದ್ರಲ್ವಾ ಓಗಾದು" ಎಂದು ಮೊದಲ ಸಲವೇ ನನಗೆ ಸಮಾಧಾನ ಹೇಳಿದ್ದಳು. ನನ್ನ ವಿಶ್ವಾಸದಿಂದ ಈ ಬೀದಿಗೆ ಇಷ್ಟು ವರ್ಷ ಆಗಿರುವ ಲಾಭವೆಂದರೆ ಗಟ್ಟಿ ಮೊಸರು. ಇದನ್ನು ಮೇರಿಯಮ್ಮನ ಮುಂದೆ ಹೇಳಲಾದೀತೇ? ಜಯಮ್ಮನಿಗೆ ನನ್ನ ಸ್ವಾಮಿಯ ವಿಷಯ ಹೇಳಬೇಕೆಂಬ ಆಸೆ ನನಗೆ ನಿಜವಾಗಿಯೂ ಇತ್ತು. ಚಪ್ಪಾಳೆಯ ಆಸೆ ಅದಕ್ಕಿಂತ ಒಂದು ಚಮಚ ಹೆಚ್ಚಿತ್ತು, ಅಷ್ಟೆ.

ಸಂಜೆ ಬಂದಳು. "ಗ್ರೇಸಕ್ಕೋ, ವಸಿ ಎಪ್ಪು ಕೊಡಿ. ಹಾಲು ಉಗುರುಬೆಚ್ಚಗಾಗ್ಯದೆ."

ಬಟ್ಟಲಿಗೆ ಮೊಸರು ಹಾಕಿದೆ, ಕೈಗೆ ಕೊಡಲಿಲ್ಲ. "ಕೂತ್ಕೋ ಜಯಮ್ಮ. ಹೆಪ್ಪು ಅಂದಾಗ ನೆನಪಾಯ್ತು ನೋಡು. ಒಂದು ಚೂರು ಹೆಪ್ಪು ಪಾತ್ರೆ ಹಾಲನ್ನೆಲ್ಲ ಹೇಗೆ ಬದಲಾಯಿಸುತ್ತೋ, ಹಾಗೇ ಯೇಸುಸ್ವಾಮಿ ನಮ್ಮ ಮನಸ್ಸನ್ನ..."

ಮೈಸೂರಿನ ಮೇಡಂ ಕೇಳಿದ್ದರೆ ಹೂಕೋಸನ್ನು ಕೈಬಿಡುತ್ತಿದ್ದರು. ಮಾತು ತಾನಾಗಿ ಹರಿಯಿತು. ಬೆತ್ಲೆಹೇಮಿನ ಕೊಟ್ಟಿಗೆಯಿಂದ ಹೊರಟು, ದಾರಿಯಲ್ಲಿ ಕುರುಡರು ಕುಂಟರು ಯಾರನ್ನೂ ಬಿಡದೆ, ಶಿಲುಬೆಯವರೆಗೂ ಬಂದೆ. ಜಯಮ್ಮ ರೆಪ್ಪೆ ಬಡಿಯದೆ ನೋಡುತ್ತಿದ್ದಳು. ಇಷ್ಟು ವರ್ಷ ಈ ಹೆಂಗಸಿಗೆ ಬರೀ ಮೊಸರು ಕೊಟ್ಟು ಕಳಿಸಿದೆನಲ್ಲ ಎಂದುಕೊಂಡು ಇನ್ನಷ್ಟು ವಿವರವಾಗಿ ಹೇಳತೊಡಗಿದೆ. ಅವಳು ನೋಡುತ್ತಿರುವುದು ನನ್ನ ಮುಖವನ್ನಲ್ಲ, ನನ್ನ ಕೈಯಲ್ಲಿರುವ ಬಟ್ಟಲನ್ನು ಎಂದು ಗೊತ್ತಾಗುವ ಹೊತ್ತಿಗೆ ಸ್ವಾಮಿಯನ್ನು ಸಮಾಧಿಯಲ್ಲಿ ಇಟ್ಟಾಗಿತ್ತು. ಅಲ್ಲೇ ಬಿಟ್ಟು ಏಳುವ ಹಾಗಿರಲಿಲ್ಲ. ಪುನರುತ್ಥಾನ ಮುಗಿಸಿಯೇ ಬಟ್ಟಲು ಕೊಟ್ಟು, "ಏನನ್ನಿಸ್ತು ಜಯಮ್ಮ?" ಎಂದೆ.

"ಒಳ್ಳೆ ದ್ಯಾವ್ರು ಬುಡಿ ಅಕ್ಕಾ, ಪಾಪ, ಬೋ ಕಷ್ಟ ಪಟ್ಟವ್ರೆ" ಎಂದು ಅವಳು ಸೆರಗಿನಡಿ ಬಟ್ಟಲನ್ನು ಮುಚ್ಚಿಕೊಂಡು ಎದ್ದಳು.

ಇಷ್ಟು ಸಾಕಿತ್ತು. ಭಾನುವಾರ ಇದನ್ನೇ ಸ್ವಲ್ಪ ಹಿಗ್ಗಿಸಿ ಹೇಳಿದರಾಯಿತು ಎಂದುಕೊಂಡು ಬಾಗಿಲು ಹಾಕಲು ಹೋದೆ. ಕಾಂಪೌಂಡಿನ ಆಚೆ ಜಯಮ್ಮನ ಅತ್ತೆ ರೇಗುತ್ತಿದ್ದರು: "ಇಷ್ಟೊತ್ತು ಎಲ್ಲೋಗಿದ್ಯೇ? ಹಾಲು ತಣ್ಣಗಾಗೋಯ್ತಲ್ಲೇ!"

"ಇನ್ನೊಂದ್ಸಲ ಕಾಯಿಸ್ತೀನಿ ಬುಡತ್ತೆ," ಎಂದಳು ಜಯಮ್ಮ. "ಬರೋ ಸುಕ್ರವಾರದಿಂದ ಎದುರ್ಮನೆ ಶಾಹಿನಮ್ಮನ ತಾವ್ಲೇ ಓಯ್ತೀನಿ. ಅವರ್ಗೂ ಸುಕ್ರವಾರದ ದೋಸ ಇಲ್ಲ, ಎಪ್ಪು ಕೊಟ್ಟು ಸುಮ್ಕಾಯ್ತರೆ."