ಬೆಟ್ಟ ಹತ್ತಿದ ಕಾರಿನ ಜಾಹೀರಾತು

ನನ್ನ ಸೋದರಮಾವನ ಕಾರು ಚಾಮುಂಡಿ ಬೆಟ್ಟವನ್ನು ತುದಿಯವರೆಗೆ ಹತ್ತಿದ್ದು ಜೀವಮಾನದಲ್ಲಿ ಒಂದೇ ಸಲ, ಅದೂ ಕಂಪ್ಯೂಟರಿನೊಳಗೆ!

ಹೊರಗಿನ ಪ್ರಪಂಚದಲ್ಲಿ ಅದು ಅರ್ಧ ಬೆಟ್ಟಕ್ಕೇ ಹೊಗೆಯುಗುಳಿ ನಿಲ್ಲುತ್ತಿತ್ತು. ಅತ್ತೆ ಉಳಿದರ್ಧ ನಡೆದು ದೇವಿಯ ದರ್ಶನ ಮಾಡುತ್ತಿದ್ದರು. ಮಾವ, ಬಾನೆಟ್ಟಿನ ದರ್ಶನ. ಆಮೇಲೆ ಕಾರು ಆ ಶ್ರಮವನ್ನೂ ತ್ಯಜಿಸಿ ರಾಮಕೃಷ್ಣನಗರದ ಮನೆಯಂಗಳದಲ್ಲಿ ಶಾಶ್ವತವಾಗಿ ನೆಲೆಸಿತು. ಅತ್ತೆ ಅದರ ನೆತ್ತಿಯ ಮೇಲೆ ಸಂಡಿಗೆ ಒಣಗಿಸತೊಡಗಿದರು. ಆಯುಧಪೂಜೆಗೆಂದು ಚಕ್ರದಡಿ ಇಟ್ಟ ನಿಂಬೆಹಣ್ಣು ಅಪ್ಪಚ್ಚಿಯಾಗುವ ಭಾಗ್ಯವಿಲ್ಲದೆ ಅಲ್ಲೇ ಸುಕ್ಕಾಗುತ್ತಿತ್ತು.

ಕಡೆಗೆ ಅತ್ತೆಯ ಅಪ್ಪಣೆಯಾಯಿತು: "ಈ ದಸರಾದೊಳಗೆ ಇದು ಹೋಗ್ಬೇಕು ಕಣ್ರೀ. ಇಲ್ದಿದ್ರೆ ಗುಜರಿಯೋನ್ನ ಕರೆದ್ಬುಡ್ತೀನಿ."

ಗುಜರಿ ಎಂಬ ಶಬ್ದ ಕಿವಿಗೆ ಬಿದ್ದದ್ದೇ ಮಾವ ಊಟ ಬಿಟ್ಟರು, ತಿಂಡಿ ಬಿಡಲಿಲ್ಲ. ಮಾರುವುದಾದರೆ ಮರ್ಯಾದಸ್ಥರಿಗೇ ಮಾರುವುದೆಂದು ನಿಶ್ಚಯಿಸಿ, ಸ್ನಾನ ಮಾಡಿ, ವಿಭೂತಿ ಧರಿಸಿ, ಮಗಳ ಕಂಪ್ಯೂಟರಿನಲ್ಲಿದ್ದ ಫೋಟೊ ತಿದ್ದುವ ತಂತ್ರಾಂಶದ ಮುಂದೆ ಕುಳಿತರು.

ಕಾರಿಗೆ ತಕ್ಕಂತೆ ಜಾಹೀರಾತೂ ಹಳೆಯ ಕಾಲದ್ದಾಗಬೇಕಂತೆ! ತುಕ್ಕು ಅಳಿಸಿದರು, ಸಂಡಿಗೆ ಅಳಿಸಿದರು, ಕಾರನ್ನು ಬೆಟ್ಟದ ತುದಿಗೆ ಅಂಟಿಸಿದರು. ಶೋಭೆಗಿರಲೆಂದು ನಂದಿಯನ್ನೂ ಅಲ್ಲಿಗೇ ಹತ್ತಿಸಿದರು. ಅಳತೆ ತಪ್ಪಿ ಬಸವಣ್ಣ ಕರುವಾದ. ಕೆಳಗೆ ಬರೆದದ್ದನ್ನು ಗಟ್ಟಿಯಾಗಿ ಓದಿದರು: "ಸಭ್ಯ ಗೃಹಸ್ಥರ ಘನವಾಹನ! ಒಮ್ಮೆ ಏರಿದವರು ಇಳಿಯರು!"

"ಬಾಗ್ಲು ಹಿಡ್ಕೊಂಡ್ಬುಡುತ್ತಲ್ಲ, ಎಲ್ಲಿಂದ ಇಳೀತಾರೆ?" ಅಡುಗೆಮನೆಯಿಂದ ಅತ್ತೆಯ ದನಿ.

ಅಷ್ಟಕ್ಕೇ ನಿಲ್ಲಿಸಿದರೆ ನಮ್ಮ ಮಾವ ಹೇಗಾದಾರು? ಬಣ್ಣ ಕಂದಿಸಿ, ಮಡಿಕೆಯ ಗೆರೆ ಎಳೆದು, ಮೂಲೆಗೆ ಗೆದ್ದಲು ಹಿಡಿಸಿ, ಕಾಫಿ ಕಲೆಯೊಂದನ್ನೂ ಪ್ರತಿಷ್ಠಾಪಿಸಿದರು. ಪ್ರತಿಗಳು ದಿನಸಿ ಅಂಗಡಿಯ ಗೋಡೆ ಸೇರಿದವು. ಜನ ನಿಂತರು, ಮೆಚ್ಚಿದರು, ಹೋದರು. ಕಾರು ಕೇಳಿಕೊಂಡು ಬಂದವರು ಒಬ್ಬರೂ ಇಲ್ಲ! ಯಾಕಿರಬಹುದೆಂದು ಅಂಗಡಿಯವರನ್ನೇ ಕೇಳಿದೆ.

"ನೋಡಿದೋರೆಲ್ಲ ಒಂದೇ ಮಾತು ಸಾ. ತಾತನ್ ಕಾಲದ ಪಟ, ಈ ಕಾರು ಯಾವಾಗ್ಲೋ ಮಾರೋಗಿರುತ್ತೆ ಅಂತಾರೆ!"

ದಸರಾ ಬಂತು. ಮಾವನ ಮುಖ ಜಾಹೀರಾತಿಗಿಂತ ಹಳದಿಯಾಯಿತು. ಆಯುಧಪೂಜೆಯ ಬೆಳಿಗ್ಗೆ, ಬೋಗಾದಿಯಿಂದ ಅತ್ತೆ ಕರೆಸಿದ್ದ ಗುಜರಿಯವನು ಬಂದೇಬಿಟ್ಟ. ಗುರುತಿಗಿರಲೆಂದು ಅಂಗಡಿಯಿಂದ ಜಾಹೀರಾತೊಂದನ್ನೂ ಕಿತ್ತುತಂದಿದ್ದ. ಅತ್ತೆ ಅದನ್ನು ಇಸಿದುಕೊಂಡು, ಕನ್ನಡಕ ಹಾಕಿಕೊಂಡು ಮೊದಲ ಬಾರಿಗೆ ಸರಿಯಾಗಿ ನೋಡಿದರು. ಬೆಟ್ಟದ ತುದಿಯ ಕಾರಿನಲ್ಲಿ, ಮುಂದಿನ ಸೀಟಿನಲ್ಲಿ, ಮದುವೆಯ ಫೋಟೊದಿಂದ ಕತ್ತರಿಸಿ ಕೂರಿಸಿದ ಮದುವಣಗಿತ್ತಿ ಅತ್ತೆ. ಬಾಸಿಂಗ ಸಮೇತ!

ಅತ್ತೆ ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೊಮ್ಮೆ ಹಾಕಿಕೊಂಡು ನೋಡಿದರು.

"ಇದು ಮಾರೋಗಿ ಯಾವ್ ಕಾಲವಾಯ್ತಪ್ಪ," ಎಂದರು ಆಮೇಲೆ. "ಪಟ ನೋಡಿದ್ರೆ ಗೊತ್ತಾಗಲ್ವ?"

ಅವನು ತಲೆ ಕೆರೆದುಕೊಂಡು ಹೋದ. ಅತ್ತೆ ಸಂಡಿಗೆ ತೆಗೆದಿಟ್ಟು, ಸೆರಗು ಸರಿಮಾಡಿಕೊಂಡು ಮುಂದಿನ ಸೀಟಿನಲ್ಲಿ ಕುಳಿತರು. ಮಾವ ಸ್ಟಿಯರಿಂಗ್ ಹಿಡಿದರು. ನಾನು ಹಿಂದಿನಿಂದ ತಳ್ಳಿದೆ. ಚಕ್ರದಡಿ ಇಟ್ಟಿದ್ದ ಈ ವರ್ಷದ ನಿಂಬೆಹಣ್ಣು ಪಚಕ್ಕೆಂದಿತು.

"ಬೆಟ್ಟ ಬಂದಾಗ ಹೇಳ್ರೀ," ಎಂದು ಅತ್ತೆ ಕಣ್ಣು ಮುಚ್ಚಿಕೊಂಡರು.