ದುಬೈ ರಬ್ಬರು ಮತ್ತು ಮಾವನ ದೋಣಿ

“ಇನ್ನು ಈ ದೋಣಿಯೊಳಗೆ ಒಂದು ಹನಿ ನೀರು ಸೋರಿದರೆ ನನ್ನ ಹೆಸರು ಮಹಮ್ಮದ್ ಕುಂಞಿಯೇ ಅಲ್ಲ!”

ಫರಂಗಿಪೇಟೆಯ ಹೊಳೆಬದಿಯಲ್ಲಿ ಈ ಘೋಷಣೆ ಮೊಳಗಿದ್ದು ತೊಂಬತ್ತೆಂಟರ ಬೇಸಗೆಯ ಕೊನೆಗೆ. ದುಬೈಯ ಹಾಯಿದೋಣಿ ಕಾರ್ಖಾನೆಯಲ್ಲಿ ದುಡಿದು ಬಂದ ಗಂಡಸು, ತಮಾಷೆಯಲ್ಲ! ಅಲ್ಲಿ ದುಡಿದದ್ದು ಚಹಾ ಮಾಡಿಕೊಂಡು ಎಂಬುದು ಬೇರೆ ಮಾತು. ಮೇಸ್ತ್ರಿಗಳು ಕೆಲಸ ಮಾಡುವುದನ್ನು ಚಹಾ ಆರುವಷ್ಟು ಹೊತ್ತು ನೋಡಿದ್ದಾನಲ್ಲ, ಸಾಲದೇ?

ದೋಣಿ ಹೆಂಡತಿ ಆಸ್ಯಮ್ಮನ ತೀರಿಹೋದ ತಂದೆ ಕಟ್ಟಿಸಿದ್ದು. ಹಾಯಿಯ ಹಗ್ಗ ಬಿಗಿಯಲೆಂದು ದೋಣಿಯ ಒಂದು ತುದಿಗೆ ಸೂರಿನ ಹಾಗಿದ್ದ ಮೇಲುಹಲಗೆಗೆ ಬೋಲ್ಟು ಹಾಕಿ ಕೂರಿಸಿದ ಕಬ್ಬಿಣದ ಬಳೆಗಳ ಬುಡದಿಂದ ತುಕ್ಕುನೀರು ಇಳಿದು, ಕೆಳಗೆ ಕೂತವರ ಬಟ್ಟೆಯೆಲ್ಲ ಕೆಂಪಾಗುತ್ತಿತ್ತು. ಕುಂಞಿಯ ಅತ್ತೆ ನಫೀಸಮ್ಮ ಬೇಸತ್ತು, “ಮಳೆಗಾಲ ಮುಗಿದ ಮೇಲೆ ನಾನೇ ಕೂತು ನೋಡ್ತೇನೆ. ಒಂದು ಹನಿ ಬಿದ್ದರೂ ಮಾರಿಬಿಡುವುದೇ” ಎಂದಿದ್ದರು. ಆಸ್ಯಮ್ಮನಿಗೆ ಅನ್ನ ಇಳಿಯಲಿಲ್ಲ. ಅಪ್ಪನ ನೆನಪಿಗೆಂದು ಅವಳಿಗೆ ಉಳಿದದ್ದು ಅದೊಂದೇ.

“ಬೋಲ್ಟು ಬಿಚ್ಚಿ, ಮರ ಒಣಗಿಸಿ, ಗೇರುಸಿಪ್ಪೆಯ ಎಣ್ಣೆ ಕುಡಿಸಿದ ಹತ್ತಿನೂಲು ತುರುಕಬೇಕು. ಬಾಪ ಹಾಗೇ ಮಾಡ್ತಿದ್ದದ್ದು” ಎಂದಳು.

“ಅದೆಲ್ಲ ಅಜ್ಜನ ಕಾಲದ್ದು ಮಾರಾಯ್ತಿ! ಇದು ಎಂತದೂಂತ ಗೊತ್ತುಂಟಾ?” ಎನ್ನುತ್ತ ಕುಂಞಿ ದುಬೈ ಪೆಟ್ಟಿಗೆಯಿಂದ ರಬ್ಬರ್ ಅಂಟಿನ ಟ್ಯೂಬು ತೆಗೆದ. ನೆಂಟರಿಗೆಲ್ಲ ಸೆಂಟು, ಸಾಬೂನು ಹಂಚಿದರೂ ಇದನ್ನು ಮಾತ್ರ ಯಾರಿಗೂ ತೋರಿಸದೆ ಕಾದಿಟ್ಟಿದ್ದ ಬ್ರಹ್ಮಾಸ್ತ್ರ!

“ಮರ ಇನ್ನೂ ಒದ್ದೆ ಉಂಟಲ್ಲ?”

“ಒಳಗಿನ ಒದ್ದೆ ಒಳಗೇ ಇರಲಿ. ಹೊರಗೆ ಬಂದರಲ್ಲವಾ ತೊಂದರೆ!”

ತುಕ್ಕಿನ ಮೇಲೆಯೇ ಟ್ಯೂಬು ಹಿಂಡಿ, ದೋಸೆಗೆ ಬೆಣ್ಣೆ ಸವರಿದ ಹಾಗೆ ಸವರಿದ. ಮಳೆಗಾಲವಿಡೀ ಅದನ್ನು ನೋಡಿ ನೋಡಿ ಬೀಗಿದ.

ಮಳೆ ಬಿಟ್ಟಿತು. ಹೊಳೆಯ ಸೆಳೆತ ಮಾತ್ರ ಇನ್ನೂ ಇಳಿದಿರಲಿಲ್ಲ. ದೋಣಿಯನ್ನು ನೀರಿಗಿಳಿಸಿ, ಬಳೆಗೆ ಹಗ್ಗ ಬಿಗಿದು ತೆಂಗಿನಮರಕ್ಕೆ ಕಟ್ಟಿದ್ದಾಯಿತು. ನಫೀಸಮ್ಮ ಬೇಕೆಂದೇ ಬಿಳಿ ಬಟ್ಟೆಯುಟ್ಟು ಹಲಗೆಯಡಿ ಕೂತರು. ಕುಂಞಿ ಮೇಲಿನಿಂದ ಕೊಡಪಾನಗಟ್ಟಲೆ ನೀರು ಸುರಿದ. ಒಂದು ಹನಿ? ಊಹೂಂ!

“ಮಾಮಿ, ತಲೆ ಮುಟ್ಟಿ ನೋಡಿ!”

“ಒಣಗಿಯೇ ಉಂಟು ಮಾರಾಯ. ಆಯ್ತು, ಮಾರುವುದಿಲ್ಲ.”

ದಡದಲ್ಲಿದ್ದ ಆಸ್ಯಮ್ಮನ ಮುಖ ಅರಳಿತು. ಕುಂಞಿ ದಡಕ್ಕೆ ಹಾರಿ, ಸೊಂಟಕ್ಕೆ ಕೈಯಿಟ್ಟು, ವಿಜಯ ಭಾಷಣಕ್ಕೆ ಗಂಟಲು ಸರಿಮಾಡಿಕೊಂಡ. ಕರ್ರ್! ತಿರುಗಿ ನೋಡಿದರೆ ಹಗ್ಗ ಇದೆ, ಹಗ್ಗದ ತುದಿಗೆ ಬಳೆ ಇದೆ, ಬಳೆಗೆ ಅಂಟಿಕೊಂಡು, ಕೊಳೆತು ಕುಂಬಾದ ಹಲಗೆಯ ತುಂಡೂ ಇದೆ. ದೋಣಿ ಮಾತ್ರ ಅತ್ತೆಯ ಸಮೇತ ಮಂಗಳೂರಿಗೆ ಹೊರಟಿದೆ! ಒಳಗೇ ಕೂಡಿಹಾಕಿದ ನೀರು ಮಳೆಗಾಲವಿಡೀ ಮರವನ್ನು ತಿಂದಿತ್ತು. ರಬ್ಬರು ಹಿಡಿದದ್ದನ್ನು ಬಿಟ್ಟಿರಲಿಲ್ಲ, ಪಾಪ!

“ಅಯ್ಯೋ ಉಮ್ಮಾ!” ಆಸ್ಯಮ್ಮ ಕಿರುಚಿದಳು. ಹೊಳೆಯಲ್ಲಿ ಮರಳು ತೆಗೆಯುತ್ತಿದ್ದ ಮಾಯಿಲಪ್ಪ ತನ್ನ ದೋಣಿಯಲ್ಲಿ ಬೆನ್ನಟ್ಟಿ ನಫೀಸಮ್ಮನನ್ನು ಹೇಗೋ ಎಳೆದುಕೊಂಡ. ಖಾಲಿ ದೋಣಿ ಬಂಡೆಗೆ ಬಡಿದು ಹೋಳಾಯಿತು.

ಸಂಜೆ, ದಡಕ್ಕೆ ತಂದು ಹಾಕಿದ ಹಲಗೆಗಳನ್ನು ಆಸ್ಯಮ್ಮ ಒಂದೊಂದಾಗಿ ಜೋಡಿಸಿಡುತ್ತಿದ್ದಳು. ಕುಂಞಿ ಬಂದು ಅವಳ ಪಕ್ಕದಲ್ಲಿ ಕುಕ್ಕರಿಸಿದ. ಅವಳು ಹೇಳಿದ ಹಾಗೆ ಒಂದು ಬೋಲ್ಟು ಬಿಚ್ಚಿದ್ದರೆ ತನ್ನ ಗಂಟೇನು ಹೋಗುತ್ತಿತ್ತು?

“ತಪ್ಪಾಯ್ತು ಆಸ್ಯ. ಬೈದಾದರೂ ಬಿಡು.”

ಅವಳು ಕಣ್ಣೊರೆಸಿಕೊಂಡಳು.

“ಬೈಯುವುದು ಎಂತಕ್ಕೆ? ನೀವು ದುಬೈಯಲ್ಲೇ ಇದ್ದಿದ್ದರೆ ನನಗೊಂದು ಸೋರುವ ದೋಣಿಯಾದರೂ ಇರ್ತಿತ್ತು.”