ಅಡಿಟಿಪ್ಪಣಿಗೆ ಬೇಕಾದ ಪುಟ

ಅಂಜನಮೂರ್ತಿಯ ಎಂ.ಫಿಲ್. ಪ್ರಬಂಧದಲ್ಲಿ ಪರೀಕ್ಷಕ ಪುಟ್ಟರಂಗಯ್ಯನವರ ಹೆಸರೇ ಇರಲಿಲ್ಲ. ೧೯೮೩ರ ಏಪ್ರಿಲ್‌ನಲ್ಲಿ, ಸಂಜೆ ಸದಾಶಿವನಗರದ ಅವರ ಮನೆಗೆ ಹೋಗಿ ಪ್ರಬಂಧ ಒಪ್ಪಿಸಬೇಕಾಗಿದ್ದ ದಿನವೇ, ಇದನ್ನು ಕಂಡುಹಿಡಿದವನು ಮರಳೂರಿನ ರೂಮಿನಲ್ಲಿ ಜೊತೆಗಿದ್ದ ಕರಿಬಸವಯ್ಯ. ಬೇರೆಯವರ ಬರಹದಲ್ಲಿ ತಪ್ಪು ಹುಡುಕುವುದೆಂದರೆ ಅವನಿಗೆ ಬಿಸಿ ಮುದ್ದೆಗೆ ಸೊಪ್ಪಿನ ಸಾರು ಸಿಕ್ಕಷ್ಟು ಖುಷಿ.

"ಪುಟ್ಟರಂಗಯ್ಯನೋರು ಮೊದ್ಲು ತೆಗೆಯೋದೇ ಕೊನೆ ಪುಟದ ಪುಸ್ತಕದ ಪಟ್ಟಿ ಕಣೋ. ಅಲ್ಲಿ ಅವ್ರ ಹೆಸ್ರು ಇಲ್ದಿದ್ರೆ ಅಲ್ಲಿಗೇ ಮುಚ್ತಾರೆ."

ಕುಣಿಗಲ್ಲಿನ ಕಾಲೇಜಿನಲ್ಲಿ ಅಂಜನಮೂರ್ತಿಯದು ತಾತ್ಕಾಲಿಕ ಮೇಷ್ಟ್ರ ಕೆಲಸ. ಪ್ರಬಂಧ ಪಾಸಾಗದಿದ್ದರೆ ಜೂನ್‌ನಿಂದ ಗುಬ್ಬಿಯಲ್ಲಿ ಅಪ್ಪನ ತೆಂಗಿನ ತೋಟಕ್ಕೆ ನೀರು ಕಟ್ಟುವುದೇ ಗತಿ. ಅವನ ಪ್ರಬಂಧ ಕೆರೆಗಳ ಮೇಲೆ. ಪುಟ್ಟರಂಗಯ್ಯನವರೋ, ಕೆರೆಗಳ ಬಗ್ಗೆ ಮಹಾಗ್ರಂಥ ಬರೆದವರೆಂದು ಸಭೆ ಸಭೆಯಲ್ಲೂ ಹಾರ ಹಾಕಿಸಿಕೊಳ್ಳುವವರು. ಆ ಗ್ರಂಥ ಯಾವ ಲೈಬ್ರರಿಯಲ್ಲೂ ಸಿಗಲಿಲ್ಲವೆಂದು ಇವನು ಅದನ್ನು ಬಿಟ್ಟಿದ್ದ.

ಪ್ರಬಂಧದ ಉಳಿದ ಕಡೆಯಂತೆ ಇಲ್ಲೂ ಕಂಸದಲ್ಲಿ ಹೆಸರು, ಇಸವಿ ಹಾಕಿ ಮುಗಿಸೋಣವೆಂದ. ಕರಿಬಸವಯ್ಯ ಹೌಹಾರಿದ. ಪುಟ್ಟರಂಗಯ್ಯನವರಿಗೆ ಕಂಸ ಕಂಡರಾಗದು, ಪುಟದ ಕೆಳಗೆ ಗೆರೆ ಎಳೆದು ಹೆಸರು, ಗ್ರಂಥ, ಪುಟಸಂಖ್ಯೆ ಎಲ್ಲ ಕೊಟ್ಟರೇ ಅವರಿಗೆ ಅದು ಸಂಶೋಧನೆ ಎಂದ. ಕಂಸ ಹಾಕಿದ ಹಿಂದಿನ ವರ್ಷದವನೊಬ್ಬ ಈಗ ಊರ್ಡಿಗೆರೆಯಲ್ಲಿ ಗೊಬ್ಬರದಂಗಡಿ ಇಟ್ಟಿದ್ದಾನೆಂದೂ ಸೇರಿಸಿದ.

ಇಬ್ಬರೂ ಟೈಪಿಸ್ಟ್ ವನಜಮ್ಮನ ಬಳಿಗೆ ಓಡಿದರು. ಇಡೀ ಪ್ರಬಂಧ ತಿದ್ದಲು ಹೊತ್ತಿರಲಿಲ್ಲ. ಪರೀಕ್ಷಕರು ಮೊದಲ ಅಧ್ಯಾಯ ದಾಟುವುದಿಲ್ಲವೆಂಬ ಧೈರ್ಯದ ಮೇಲೆ ಅದೊಂದನ್ನೇ ಅಡಿಟಿಪ್ಪಣಿಗೆ ಬದಲಾಯಿಸಿ, ಕೊನೆಯ ಪುಟದ ಪಟ್ಟಿಗೆ ಅವರ ಹೆಸರು ಸೇರಿಸಿದರು. ಟಿಪ್ಪಣಿಗೆ ಜಾಗ ಸಾಲದೆ ಹಾಳೆಗಳು ಕೆಟ್ಟವು, ವನಜಮ್ಮ ಗೊಣಗಿದಳು, ಅಂಜನಮೂರ್ತಿ ಬೆವರಿದ. ಪುಟ್ಟರಂಗಯ್ಯನವರ ಗ್ರಂಥದ ಸರದಿ ಬಂದಾಗ ಅವಳು ಕೈ ನಿಲ್ಲಿಸಿ ಪುಟ ಎಷ್ಟೆಂದು ಕೇಳಿದಳು. ಅವನು ಬಾಯಿಗೆ ಬಂದಂತೆ ಇನ್ನೂರ ಹದಿನಾಲ್ಕು ಎಂದುಬಿಟ್ಟ.

ಸಂಜೆ ಪುಟ್ಟರಂಗಯ್ಯನವರು ಕೊನೆಯ ಪುಟ ತೆರೆದರು. ಮುಖ ಅರಳಿತು. ಆಮೇಲೆ ಮೊದಲ ಅಧ್ಯಾಯ ತೆರೆದು ಒಂದು ಅಡಿಟಿಪ್ಪಣಿಯ ಮೇಲೆ ಬೆರಳಿಟ್ಟರು. ಎದ್ದು ಬಾಗಿಲು ಹಾಕಿ ಬಂದರು.

"ಈ ಪುಸ್ತಕ ಎಲ್ಲಿ ನೋಡಿದೆ?"

"ಲೈಬ್ರರೀಲಿ ಸಾರ್."

"ನಾನಿನ್ನೂ ಬರ್ದೇ ಇಲ್ವಲ್ಲಪ್ಪ."

ಅಂಜನಮೂರ್ತಿ ದಡಕ್ಕನೆ ಕಾಲಿಗೆ ಬಿದ್ದ. ಅವರು ಎಬ್ಬಿಸಿ ಕೂರಿಸಿದರು. ಬರೆಯುತ್ತೇನೆಂದು ತಾವು ಎಂದೋ ಹೇಳಿದ್ದನ್ನು ಜನ ಬರೆದಿದ್ದಾರೆಂದೇ ನಂಬಿದರು, ಹಾರ ಹಾಕುವವರನ್ನು ತಡೆಯುವುದು ಹೇಗೆ ಎಂದು ನಿಟ್ಟುಸಿರು ಬಿಟ್ಟರು. ಫೇಲು ಮಾಡಿದರೆ ಕಾರಣ ಬರೆಯಬೇಕು, ಬರೆದರೆ ತಮ್ಮ ಮಾನವೇ ಹೋಗುತ್ತದೆ ಎಂದರು. ಅಂಜನಮೂರ್ತಿಗೆ ಹೋದ ಜೀವ ಬಂದಂತಾಯಿತು.

ಪುಟ್ಟರಂಗಯ್ಯನವರು ಪ್ರಬಂಧವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು.

"ಇನ್ನೂರ ಹದಿನಾಲ್ಕನೇ ಪುಟದಲ್ಲಿ ಏನಿದೆ ಅಂತ ನಿಂಗೆ ಗೊತ್ತು. ಮಿಕ್ಕಿದ್ದೂ ನೀನೇ ಬರ್ಕೊಂಡು ಬಾ, ಆಮೇಲೆ ಇದನ್ನ ನೋಡೋಣ. ಹೆಸ್ರು ಮಾತ್ರ ಅಡಿಟಿಪ್ಪಣೀಲಿ ಹಾಕಿದೀಯಲ್ಲ, ಹಂಗೇ ಇರ್ಲಿ."